ಅಪ್ಪನ ಬಿಯರ್ ಪೆಟ್ಟಿಗೆ

ಟೂ ರಿವರ್ಸ್, ವಿಸ್ಕಾನ್ಸಿನ್
6 ಏಪ್ರಿಲ್ 1997

ಲಿಡ್ಮಿಲಾಳಿಗೆ,

ಇಲ್ಲಿ ನಿನ್ನ ಅಮ್ಮ ಕ್ಷೇಮ. ನಾಯಿ ವಾಲ್ಡಿಯೂ ಕ್ಷೇಮ. ಗಿಡ್ಡ ಕಾಲಿನ ಜಾತಿಯಾದ್ದರಿಂದ ಕರಗುತ್ತಿರುವ ಹಿಮದಲ್ಲಿ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಸೋಫಾಕ್ಕೆ ಒರೆಸುತ್ತದೆ.

ಒಂದು ತಾಂತ್ರಿಕ ವಿಷಯ ಕೇಳಲು ಬರೆಯುತ್ತಿದ್ದೇನೆ. ಹಡಗಿಗೆ ಸೇರುವ ಮೊದಲು ಒಂಬತ್ತು ವರ್ಷ ಅಂಗಡಿಗಳ ಫ್ರೀಜರ್ ರಿಪೇರಿ ಮಾಡಿದವಳು ನೀನು. ಅದಕ್ಕೇ ಕೇಳುತ್ತಿರುವುದು, ಬೇರೆ ಕಾರಣವಿಲ್ಲ.

ಜೂನ್ 14ಕ್ಕೆ ನಮ್ಮ ಮದುವೆಯಾಗಿ ನಲವತ್ತು ವರ್ಷ. ಹಿತ್ತಿಲಲ್ಲಿ ಅರವತ್ತು ಜನಕ್ಕೆ ಊಟ. ಹಂಡೆಯಲ್ಲಿ ಕೋಳಿ, ತರಕಾರಿ ಹಾಕಿದ ಬೂಯಾ ಸಾರು ಕುದಿಸುವವನು ಪಕ್ಕದ ಮನೆಯ ನಾರ್ಬರ್ಟ್. ಬಿಯರ್ ನನ್ನದು. ನಾನೇ ಕುದಿಸಿದ್ದು ನನ್ನದೇ ನಲ್ಲಿಯಿಂದ ಬರಬೇಕೆಂದು ಹಟ. ನೆಲಮಾಳಿಗೆಯ ಮೂಲೆಯಲ್ಲಿ ಹಿಂದೆ ಕಲ್ಲಿದ್ದಲು ತುಂಬಿಡುತ್ತಿದ್ದ ಚಿಕ್ಕ ಕೋಣೆಯಿದೆಯಲ್ಲ, ಅಲ್ಲಿ ಹಳೆಯ ಡೀಪ್ ಫ್ರೀಜರನ್ನು ಬಿಯರ್ ಪೆಟ್ಟಿಗೆ ಮಾಡಿದ್ದೇನೆ. ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಮರದ ಚೌಕಟ್ಟು ಕೂರಿಸಿ ಅದಕ್ಕೆ ನಲ್ಲಿ ಜೋಡಿಸಿದೆ. ಒಳಗೆ ಸೋಡಾ ಕಂಪನಿಯವರು ಮಾರಿದ ಹಳೆಯ ಸ್ಟೀಲ್ ಪೀಪಾಯಿ ನಾಲ್ಕು. ಪಕ್ಕದಲ್ಲಿ ಬಿಯರನ್ನು ನಲ್ಲಿಗೆ ತಳ್ಳುವ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರ್. ಫ್ರೀಜರ್ ಪೂರ್ತಿ ಹೆಪ್ಪುಗಟ್ಟಿಸದಂತೆ ಹೊರಗೊಂದು ಥರ್ಮೋಸ್ಟಾಟ್ ಹಾಕಿದ್ದೇನೆ. ಫ್ಯಾರನ್‌ಹೀಟ್ ಮೂವತ್ತೆರಡು ಡಿಗ್ರಿಗೆ ನೀರು ಹೆಪ್ಪುಗಟ್ಟುತ್ತದೆ, ಮೂವತ್ತೆಂಟಕ್ಕೆ ಬಿಯರ್ ಹದಕ್ಕೆ ಬರುತ್ತದೆ. ಅಷ್ಟು ನನಗೆ ಗೊತ್ತು.

ಆದರೆ ಒಮ್ಮೆ ಮೂವತ್ತೊಂದು, ಒಮ್ಮೆ ಐವತ್ತು. ಕಂಪ್ರೆಸರ್ ಮೂರು ನಿಮಿಷಕ್ಕೊಮ್ಮೆ ಕೆಮ್ಮಿ ಎದ್ದು ಮತ್ತೆ ಮಲಗುತ್ತದೆ. ನಲ್ಲಿ ತಿರುಗಿಸಿದರೆ ಬರೀ ನೊರೆ. ಸಿಲಿಂಡರ್ ಬೇರೆ ವಾರಕ್ಕೇ ಖಾಲಿಯಾಗುತ್ತಿದೆ. ಏನು ಮಾಡಬೇಕು?

ಈಸ್ಟರ್ ಕಳೆದು ಒಂದು ವಾರವಾಯಿತು. ನಿನ್ನ ಅಮ್ಮ ಈ ಸಲವೂ ಒಂದು ತಟ್ಟೆ ಹೆಚ್ಚಿಗೆ ಇಟ್ಟಿದ್ದಳು. ಊಟವಾದ ಮೇಲೆ ನಾನೇ ಅದನ್ನು ಎತ್ತಿಟ್ಟೆ.

ಇಂತಿ,
ಲಿಯಾಂಡರ್ ಜೆ. ಕೊನೊಪ್
(ನಿನ್ನ ತಂದೆ)

•

ಹಡಗು ‘ಹೆಲೆನ್ ವಾಲ್ಟರ್ಸ್’, ಸುಪೀರಿಯರ್ ಸರೋವರ
14 ಏಪ್ರಿಲ್ 1997

ತಂದೆಯವರಿಗೆ,

ನಿಮ್ಮ ಪತ್ರ ತಲುಪಿತು.

ಥರ್ಮೋಸ್ಟಾಟಿನ ತುದಿ ಗಾಳಿಯಲ್ಲಿ ತೂಗಾಡುತ್ತಿರಬೇಕು. ಅದನ್ನು ನೀರು ತುಂಬಿದ ಸೀಸೆಯಲ್ಲಿ ಮುಳುಗಿಸಿ ಇಡಿ. ಮುಚ್ಚಳದ ಅಂಚಿನ ರಬ್ಬರ್ ಗ್ಯಾಸ್ಕೆಟ್ ಮತ್ತು ಮರದ ಚೌಕಟ್ಟು ಸರಿಯಾಗಿ ಕೂತಿಲ್ಲ. ಒಳಗೆ ಟಾರ್ಚ್ ಉರಿಸಿಟ್ಟು ಮುಚ್ಚಿ, ಬೆಳಕು ಎಲ್ಲಿ ಕಾಣುತ್ತದೋ ಅಲ್ಲಿ ಸ್ಪಂಜಿನ ಪಟ್ಟಿ ಅಂಟಿಸಿ. ತಂಪು ಎಲ್ಲಿಂದಲೂ ಸೋರದಂತೆ ಬಿಗಿಯಾಗಿ ಮುಚ್ಚಿ.

ಮದುವೆಯ ದಿನದ ಶುಭಾಶಯಗಳು. ಜೂನಿನಲ್ಲಿ ನಮಗೆ ರಜೆಯಿಲ್ಲ.

ಲಿಡ್ಮಿಲಾ

•

ಟೂ ರಿವರ್ಸ್
22 ಏಪ್ರಿಲ್ 1997

ಲಿಡ್ಡಿಗೆ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಉಪ್ಪಿನಕಾಯಿ ಸೀಸೆಯನ್ನು ತೊಳೆದು ನೀರು ತುಂಬಿ ಥರ್ಮೋಸ್ಟಾಟಿನ ತುದಿಯನ್ನು ಅದರೊಳಗೆ ಬಿಟ್ಟಿದ್ದೇನೆ. ಕಂಪ್ರೆಸರ್ ಈಗ ಗಂಟೆಗೊಂದು ಸಲ ಏಳುತ್ತದೆ, ದೊಡ್ಡ ಮನುಷ್ಯನ ಹಾಗೆ.

ಟಾರ್ಚಿನದು ಒಂದು ಕಥೆಯೇ ಆಯಿತು. ದೀಪ ಆರಿಸಿ ನಾನೂ ನಿನ್ನ ಅಮ್ಮನೂ ಪೆಟ್ಟಿಗೆಯ ಸುತ್ತ ಮಂಡಿಯೂರಿ ಹರಿದಾಡಿದೆವು. “ಇಲ್ಲೊಂದು ಸಂದು! ಅಯ್ಯೋ, ಇಲ್ಲೊಂದು!” ಎಂದು ಅವಳು ಕೂಗುವುದು, ನಾನು ಸೀಮೆಸುಣ್ಣದಲ್ಲಿ ಗೀರುವುದು. ಹನ್ನೊಂದು ಸಂದು ಸಿಕ್ಕವು. ನಡುವೆ ನಾರ್ಬರ್ಟ್ ಮೆಟ್ಟಿಲಿಳಿದು ಬಂದು, “ಈ ವಯಸ್ಸಲ್ಲಿ ಕತ್ತಲೇಲಿ ಏನ್ರಪ್ಪಾ ನಿಮ್ಮದು!” ಎಂದು ನಕ್ಕು ಹೋದ. ಅವನಿಗೊಂದು ಲೋಟ ಬಿಯರ್ ಕೊಟ್ಟೆ. ನೋಡಿ, “ಲೋ ಲಿಯಾಂಡರ್, ಇದನ್ನ ಕುಡೀಬೇಕೋ, ಗಡ್ಡಕ್ಕೆ ಹಚ್ಕೋಬೇಕೋ?” ಎಂದ. ನೊರೆ ಇನ್ನೂ ನಿಂತಿಲ್ಲ.

ಬಿಗಿಯಾಗಿ ಮುಚ್ಚಿ ಎಂದಿದ್ದೀಯಲ್ಲ. ನಾನು ಪೆಟ್ಟಿಗೆಗೇ ನಿಲ್ಲಲಿಲ್ಲ. ಕೋಣೆಯೇ ತಂಪಾಗಿದ್ದರೆ ಪೆಟ್ಟಿಗೆಗೂ ಕೆಲಸ ಕಡಿಮೆ ಎಂದು ಯೋಚಿಸಿದೆ. ಕೋಣೆಯ ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿ ಅಂಚಿಗೆಲ್ಲ ಮೇಣ ಮೆತ್ತಿದೆ. ಬಾಗಿಲಿಗೆ ಸುತ್ತಲೂ ಕಂಬಳಿ ಪಟ್ಟಿ ಹೊಡೆದೆ. ಈಗ ಇರುವೆಯೂ ನುಸುಳಲಾರದು. ಸಿಲಿಂಡರ್ ಪದೇಪದೇ ಖಾಲಿಯಾಗುವ ರಗಳೆಯೇ ಬೇಡವೆಂದು ಹೋಟೆಲಿನವರು ಬಳಸುವ ದೊಡ್ಡ ಸಿಲಿಂಡರನ್ನೇ ತಂದಿಟ್ಟಿದ್ದೇನೆ. ಮಧ್ಯಾಹ್ನ ಅಲ್ಲೇ ಕುರ್ಚಿ ಹಾಕಿಕೊಂಡು ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತೇನೆ.

ನಿಮಗೆ ಕಾಗದಗಳು ನಡುನೀರಿನಲ್ಲೇ ಬರುತ್ತವಂತೆ, ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿ ಪಕ್ಕಕ್ಕೆ ಬಂದು ನಿಂತರೆ ಮೇಲಿನಿಂದ ಬಕೆಟ್ ಇಳಿಬಿಡುತ್ತೀರಂತೆ. ನಿಜವೇ?

ಲಿಯಾಂಡರ್ ಕೊನೊಪ್

ಲಿಡ್ಡಿ, ಅಮ್ಮ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಲು ನನ್ನ ಕೈಗೆ ಕೊಟ್ಟಿದ್ದಾರೆ. ನಿಮ್ಮಪ್ಪನಿಗೆ ನಾಲ್ಕು ದಿನದಿಂದ ತಲೆನೋವು. ಹೊಸ ಕನ್ನಡಕದ್ದು ಅಂತಾರೆ. ಕೆಳಗಿನಿಂದ ಹತ್ತಿ ಬಂದರೆ ಒಲೆ ಊದಿದವರ ಹಾಗೆ ಉಸಿರು ಬಿಡುತ್ತಾರೆ. ವಾಲ್ಡಿ ಅವರ ಕಾಲು ಬಿಡದ ನಾಯಿ, ಈಗ ಆ ಕೋಣೆಯ ಬಾಗಿಲ ತನಕ ಹೋಗಿ ಬಾಲ ಮುದುರಿಕೊಂಡು ಓಡಿ ಬರುತ್ತದೆ. ಡಾಕ್ಟರ ಹತ್ತಿರ ಹೋಗಿ ಎಂದರೆ ಕೇಳುವುದಿಲ್ಲ. ನೀನಾದರೂ ಒಂದು ಮಾತು ಬರೆ. ನಾನು ಬರೆದೆನೆಂದು ಹೇಳಬೇಡ.

•

‘ಹೆಲೆನ್ ವಾಲ್ಟರ್ಸ್’, ಹ್ಯೂರನ್ ಸರೋವರ
28 ಏಪ್ರಿಲ್ 1997

ಅಪ್ಪಾ,

ಕೈಯ ಎಣ್ಣೆಯನ್ನೂ ತೊಳೆಯದೆ ಬರೆಯುತ್ತಿದ್ದೇನೆ. ಅಕ್ಷರ ಹೇಗಿದ್ದರೂ ಓದಿಕೊ.

ನಿಜ, ಬಕೆಟ್ಟಿನಲ್ಲೇ ಬರುತ್ತವೆ. ನಿನ್ನ ಕಾಗದವೂ ಹಾಗೇ ಇವತ್ತು ಬೆಳಿಗ್ಗೆ ಮೇಲೆ ಬಂತು. ಪಾಳಿಯಿದ್ದದ್ದರಿಂದ ಜೇಬಿಗೆ ಹಾಕಿಕೊಂಡು ಎಂಜಿನ್ ಕೋಣೆಗೆ ಇಳಿದೆ. ಹನ್ನೊಂದಕ್ಕೆ ಕಾಫಿ ಹಿಡಿದು ಓದಿದೆ. ಟಾರ್ಚಿನ ಕಥೆಗೆ ನಗು ಬಂತು. ಮುಂದೆ ಕಿಟಕಿ, ಮೇಣ, ಕಂಬಳಿ ಪಟ್ಟಿ, ದೊಡ್ಡ ಸಿಲಿಂಡರ್. ಆಮೇಲೆ ಅಮ್ಮನ ನಾಲ್ಕು ಸಾಲು. (ಅವಳನ್ನು ಬಯ್ಯಬೇಡ.) ಕಾಫಿ ಅಲ್ಲೇ ಬಿಟ್ಟು, ಎಣ್ಣೆ ಕೈಯಲ್ಲೇ, ಹಡಗಿನ ಆ ತುದಿಯಿಂದ ಈ ತುದಿಗೆ ಓಡಿದೆ. ಏಳುನೂರು ಅಡಿ ಇದೆ ಅಪ್ಪಾ ಈ ಹಡಗು. ಕ್ಯಾಪ್ಟನ್ ಹಾಸ್ಕೆಲ್ ನನ್ನ ಮುಖ ನೋಡಿ ಏನೂ ಕೇಳದೆ ರೇಡಿಯೋ ಫೋನ್ ಕೈಗಿತ್ತರು.

ಎರಡು ವರ್ಷದ ಮೇಲೆ ಮೊದಲ ಸಲ ನಿನ್ನ ಜೊತೆ ಆಡಿದ ಮಾತು ಹೀಗಿತ್ತು. ಎಲ್ಲ ನೆನಪಿದೆ, ಸಾಯುವ ತನಕ ಇರುತ್ತದೆ.

“ಅಪ್ಪಾ, ನಾನು ಲಿಡ್ಡಿ. ಎಲ್ಲಿದ್ದೀಯ ನೀನು? ಓವರ್.”

“ಅಡುಗೆಮನೇಲಿ. ಫೋನ್ ಇನ್ನೆಲ್ಲಿದೆ?”

ಆಮೇಲೆ ಬರೀ ಗರಗರ. ಆಪರೇಟರ್ ಹೆಂಗಸು ನಡುವೆ ಬಂದು, “ಸಾರ್, ಮಾತು ಮುಗಿದ ಕೂಡ್ಲೇ ಓವರ್ ಅನ್ಬೇಕು. ಇಲ್ಲಾಂದ್ರೆ ಅವ್ರಿಗೆ ಮಾತಾಡೋಕಾಗಲ್ಲ” ಎಂದಳು.

“ಸರಿ. ಅಡುಗೆಮನೇಲಿ. ಓವರ್.”

“ಆ ಕೋಣೆಗೆ ಇಳೀಬೇಡ. ಪೀಪಾಯಿಯಿಂದ ಗ್ಯಾಸ್ ಸೋರಿ ಕೋಣೆ ತುಂಬ್ಕೊಂಡಿದೆ. ನಿನ್ನ ತಲೆನೋವು ಕನ್ನಡಕದ್ದಲ್ಲ. ಓವರ್.”

“ಬಿಯರ್ ಗ್ಯಾಸಿಗೆ ಯಾರಾದ್ರೂ ಸಾಯ್ತಾರೇನೇ? ಸೋಡಾದಲ್ಲಿರೋದೂ ಅದೇ ತಾನೇ? ಓವರ್.”

“ಮುಚ್ಚಿದ ಕೋಣೇಲಿ ಸಾಯ್ತಾರೆ! ಅದು ಗಾಳಿಗಿಂತ ಭಾರ, ನೆಲದಿಂದ ತುಂಬ್ತಾ ಬರತ್ತೆ. ನಾಯಿ ಗಿಡ್ಡ, ಅದಕ್ಕೆ ಮೊದಲೇ ಗೊತ್ತಾಗಿದೆ. ಹೊರಗೆ ಹೋಗಿ ನಿಂತ್ಕೊ, ಅಗ್ನಿಶಾಮಕದವರನ್ನ ಕರಿ. ಓವರ್.”

“ಅರವತ್ತು ಜನದ ಬಿಯರ್ ಇದೆ ಕಣೇ ಒಳಗೆ. ಓವರ್.”

“ಬಿಯರ್ ಹಾಳಾಗಿ ಹೋಗ್ಲಿ! ನನಗೆ ನೀನು ಬೇಕು!”

ಓವರ್ ಅನ್ನಲು ನನಗೇ ಮರೆತುಹೋಯಿತು. ಆಪರೇಟರೂ ಅದನ್ನು ನೆನಪಿಸಲಿಲ್ಲ. ಆಗ ಯಾವುದೋ ಹಡಗಿನಿಂದ ಗೊಗ್ಗರು ದನಿಯೊಂದು ಬಂತಲ್ಲ, “ಯಜಮಾನ್ರೇ, ಮಗಳ ಮಾತು ಕೇಳಿ. ಓವರ್” ಎಂದು, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ರೇಡಿಯೋ ಫೋನಿನ ಮಾತು ಎಲ್ಲರಿಗೂ ಕೇಳುತ್ತದೆ, ಸರೋವರದ ಮೇಲಿದ್ದ ಹಡಗುಗಳೆಲ್ಲ ಕೇಳಿಸಿಕೊಳ್ಳುತ್ತಿದ್ದವು.

ಈಗ ಹೇಳಬೇಕಾದ ಮಾತು. ಸಿಲಿಂಡರ್ ವಾರಕ್ಕೇ ಖಾಲಿಯಾಗುತ್ತಿದೆ ಎಂದು ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ಓದಿದ ಕೂಡಲೇ ಗೊತ್ತಾಗಬೇಕಿತ್ತು, ಅದು ನನ್ನ ಕಸುಬು. ನಾನು ಆ ಸಾಲು ದಾಟಿ ಹೋದೆ. ಉದ್ದ ಬರೆದರೆ ನಿನ್ನ ಮುಂದೆ ಸೋತ ಹಾಗಾಗುತ್ತದೆಂದು ಲೆಕ್ಕ ಹಾಕಿ ಚಿಕ್ಕದಾಗಿ ಬರೆದೆ. ‘ಬಿಗಿಯಾಗಿ ಮುಚ್ಚಿ’ ಎಂದವಳು ನಾನೇ.

ಅಗ್ನಿಶಾಮಕದವರು ಏನೆಂದರು, ತಕ್ಷಣ ಬರೆ.

ಲಿಡ್ಡಿ

•

ಟೂ ರಿವರ್ಸ್
2 ಮೇ 1997

ಪ್ರೀತಿಯ ಲಿಡ್ಡಿ,

ಮೊದಲು ಸಮಾಚಾರ: ನಾನು ಬದುಕಿದ್ದೇನೆ, ನಾಯಿಗೆ ಈಗ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ.

ನೀನು ಫೋನ್ ಮಾಡಿದಾಗ ಅಡುಗೆಮನೆಯಲ್ಲಿದ್ದೇನೆ ಎಂದೆನಲ್ಲ, ಅದು ಅರ್ಧ ನಿಜ. ಅಮ್ಮ ಚರ್ಚಿಗೆ ಹೋಗಿದ್ದಳು. ನಾನು ಕೆಳಗೆ ಕುರ್ಚಿಯಲ್ಲಿ ಕೂತವನು ತೂಕಡಿಸಿದ್ದೆ. ಫೋನ್ ಬಹಳ ಹೊತ್ತು ಹೊಡೆಯಿತು. ಯಾರಾದರೂ ಎತ್ತಲಿ ಎಂದು ಕಾದೆ, ಮನೆಯಲ್ಲಿ ನಾನೊಬ್ಬನೇ ಎಂಬುದೇ ನೆನಪಿಗೆ ಬರಲಿಲ್ಲ. ಎದ್ದರೆ ಕಾಲು ನನ್ನದಲ್ಲ. ಮೆಟ್ಟಿಲ ಮೇಲೆ ಎರಡು ಸಲ ಕೂತು ಸುಧಾರಿಸಿಕೊಂಡು ಬಂದು ಎತ್ತಿದೆ. ಇದನ್ನು ಅಮ್ಮನಿಗೆ ಹೇಳಿಲ್ಲ, ನಿನಗೆ ಮಾತ್ರ.

ಆ ಗೊಗ್ಗರು ದನಿಯವನ ಮಾತಿಗೆ ಮರ್ಯಾದೆ ಕೊಟ್ಟು, ಅಗ್ನಿಶಾಮಕಕ್ಕೆ ಫೋನ್ ಮಾಡಿ ಹೊರಗೆ ಹೋದೆ. ಅಗ್ನಿಶಾಮಕದವರು ಮುಖಕ್ಕೆ ಮುಸುಕು ಹಾಕಿಕೊಂಡು, ಉಸಿರಾಡುವ ಗಾಳಿ ಅಳೆಯುವ ಮೀಟರ್ ಹಿಡಿದು ಇಳಿದರು. ಕೋಣೆಯ ಬಾಗಿಲು ತೆಗೆದದ್ದೇ ತಡ, ಮೀಟರ್ ಕಿರುಚಿತು. ನನ್ನ ಕೈಯಾರೆ ಮೆತ್ತಿದ ಮೇಣವನ್ನು ಅವರು ಸನಿಕೆಯಿಂದ ಕೀಳಬೇಕಾಯಿತು; ಅಷ್ಟು ಚೆನ್ನಾಗಿ ಮೆತ್ತಿದ್ದೆ. ಅವರ ಮುಖ್ಯಸ್ಥ ಹುಲ್ಲಿನ ಮೇಲೆ ನನ್ನ ಪಕ್ಕ ಕೂತು, “ಕೊನೊಪ್, ಕಿಟಕಿ ಮುಚ್ಚಿದ್ದೀಯ, ಬಾಗಿಲು ಮುಚ್ಚಿದ್ದೀಯ, ಮುಚ್ಚಬೇಕಾದ್ದೊಂದು ಬಿಟ್ಟು ಎಲ್ಲಾ ಮುಚ್ಚಿದ್ದೀಯಲ್ಲಯ್ಯಾ!” ಎಂದ. ಆಮೇಲೆ ದನಿ ತಗ್ಗಿಸಿ, “ಇನ್ನೊಂದು ಗಂಟೆ ಮಲಗಿದ್ದಿದ್ರೆ ನಿನ್ನ ಹೊತ್ಕೊಂಡು ಬರ್ತಿದ್ವಿ” ಎಂದ.

ತಪ್ಪೆಲ್ಲ ನಿನ್ನದೇ ಎಂಬಂತೆ ಬರೆದಿದ್ದೀಯ. ಅದು ಬೇಡ. ನೀನು ಚಿಕ್ಕದಾಗಿ ಯಾಕೆ ಬರೆದೆ ಎಂದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಈಸ್ಟರ್ ಊಟಕ್ಕೆ ಕೂತಾಗ ನೀನು ಹಡಗಿನ ಕೆಲಸ ಸಿಕ್ಕಿತೆಂದು ಹೇಳಿದೆ. ನಾನು ಎಲ್ಲರ ಮುಂದೆ, “ಎರಡು ತಿಂಗಳು, ನೋಡ್ತಿರಿ, ಅತ್ಕೊಂಡು ವಾಪಸ್ ಬರ್ತಾಳೆ” ಎಂದೆ. ಎಲ್ಲರೂ ನಕ್ಕರು. ನೀನು ಊಟ ಬಿಟ್ಟು ಎದ್ದು ಹೋದೆ. ಆವತ್ತಿನಿಂದ ನಾನು ಇಸ್ಪೀಟಾಡಲು ಹೋಗುವ ಮಂಗಳವಾರ ನೋಡಿಕೊಂಡೇ ನೀನು ಅಮ್ಮನಿಗೆ ಫೋನ್ ಮಾಡುತ್ತೀಯೆಂದೂ ಗೊತ್ತಿತ್ತು. ಕೆಲವು ಮಂಗಳವಾರ ಆಟವೇ ಇರುತ್ತಿರಲಿಲ್ಲ ಲಿಡ್ಡಿ. ಸುಮ್ಮನೆ ಬಂದರಿನ ಕಟ್ಟೆಯ ಮೇಲೆ ಒಂದು ಗಂಟೆ ಕೂತು ಬರುತ್ತಿದ್ದೆ.

ಕ್ಷೌರದಂಗಡಿಗೆ ಹೋದರೆ ಅಲ್ಲಿ ಆಗಲೇ ಸುದ್ದಿ ಗೊತ್ತು. ಕ್ಷೌರಿಕನ ಭಾವಮೈದ ಬೇರೊಂದು ಹಡಗಿನಲ್ಲಿದ್ದಾನೆ. ಕುರ್ಚಿಯಲ್ಲಿ ಕೂತ ಕೂಡಲೇ, “ಮೇಲೆ ಸಣ್ಣಗೆ ಮಾಡ್ಲಾ? ಓವರ್” ಎಂದ. ಊರೆಲ್ಲ ಇದೇ ಆಗಿದೆ.

ಪೆಟ್ಟಿಗೆಯನ್ನು ನಾರ್ಬರ್ಟನ ಜೊತೆ ಸೇರಿ ಎತ್ತಿ, ಎರಡು ಕಡೆ ಗಾಳಿಯಾಡುವ ಗ್ಯಾರೇಜಿನಲ್ಲಿ ಇಟ್ಟಿದ್ದೇನೆ. ಸಿಲಿಂಡರ್ ಬಾಯಿ ಮುಚ್ಚಿದೆ. ಈಗ ಎಲ್ಲಿಂದ ಶುರು ಮಾಡಲಿ? ಈ ಸಲ ಉದ್ದ ಬರೆ.

ಅಪ್ಪ

•

‘ಹೆಲೆನ್ ವಾಲ್ಟರ್ಸ್’, ಡುಲೂತ್ ಬಂದರು
10 ಮೇ 1997

ಅಪ್ಪಾ,

ಆ ಕಟ್ಟೆಯ ವಿಷಯ ಮೂರು ಸಲ ಓದಿದೆ. ಅದರ ಬಗ್ಗೆ ಬರೆಯಲು ಹೋಗಿ ಎರಡು ಹಾಳೆ ಹರಿದೆ. ಆದ್ದರಿಂದ ಪೀಪಾಯಿಯ ವಿಷಯ ಬರೆಯುತ್ತೇನೆ, ಅದು ನನಗೆ ಬರುತ್ತದೆ.

ಆ ಪೀಪಾಯಿಗಳು ಸೋಡಾ ಕಂಪನಿಯವು. ಮುಚ್ಚಳದ ಕೆಳಗೆ ಬಳೆಯಷ್ಟು ದಪ್ಪದ ದೊಡ್ಡ ರಬ್ಬರ್ ರಿಂಗ್ ಇರುತ್ತದೆ, ಗ್ಯಾಸ್ ಹೋಗುವ ಮತ್ತು ಬಿಯರ್ ಬರುವ ಮೂತಿಗಳಿಗೆ ಉಂಗುರದಂಥ ಚಿಕ್ಕವು. ಎಲ್ಲವೂ ಗಟ್ಟಿಯಾಗಿ ಸೀಳಿರುತ್ತವೆ. ಒಂದನ್ನು ಬಿಚ್ಚಿ ಮೂಸಿ ನೋಡು. ಕಿತ್ತಳೆ ಸೋಡಾದ ವಾಸನೆ ಬಂದರೆ ಅದು ಕಂಪನಿಯವರು ಹಾಕಿದ್ದೇ, ಇಪ್ಪತ್ತು ವರ್ಷ ಹಳೆಯದು. ಎಲ್ಲವನ್ನೂ ಬಿಸಾಕಿ ಹೊಸದು ಹಾಕು. ತಿನ್ನುವ ಪದಾರ್ಥಕ್ಕೆ ತಗುಲಿದರೂ ತೊಂದರೆಯಿಲ್ಲದ ಗ್ರೀಸ್ ಸಿಗುತ್ತದೆ, ತೆಳ್ಳಗೆ ಸವರು. ರೊಟ್ಟಿಗೆ ಬೆಣ್ಣೆ ಹಚ್ಚುವ ನಿನ್ನ ಕೈಯಿಂದಲ್ಲ, ಅಮ್ಮನ ಕೈಯಿಂದ.

ಆಮೇಲೆ ಗ್ಯಾಸ್ ಬಿಟ್ಟು, ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಿಂದ ಪ್ರತಿ ಜೋಡಣೆಗೂ ಬಳಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಅವಸರ ಮಾಡಬೇಡ. ತೀರಾ ಸಣ್ಣ ಸೋರಿಕೆ ಇದ್ದರೆ ಗುಳ್ಳೆ ಏಳಲು ಒಂದು ನಿಮಿಷವೇ ಬೇಕು. ಸಿಲಿಂಡರಿನ ಕುತ್ತಿಗೆಯ ವಾಷರನ್ನು ಮರೆಯಬೇಡ. ಎಲ್ಲ ಆದ ಮೇಲೆ ಸಿಲಿಂಡರ್ ಬಾಯಿ ಮುಚ್ಚಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ಎಲ್ಲಿದೆ ಎಂದು ಗುರುತು ಹಾಕು. ಮರುದಿನ ಬೆಳಿಗ್ಗೆ ಮುಳ್ಳು ಹೆಚ್ಚು ಇಳಿದಿರದಿದ್ದರೆ ಗೆದ್ದೆ. ಬಿಯರ್ ತಣ್ಣಗಾಗುವಾಗ ಸ್ವಲ್ಪ ಗ್ಯಾಸನ್ನು ತಾನೇ ಕುಡಿಯುತ್ತದೆ, ಅಷ್ಟಕ್ಕೆ ಹೆದರಬೇಡ.

ನೊರೆಗೆ ಕಾರಣ ನಲ್ಲಿ. ಪೆಟ್ಟಿಗೆಯ ತಳ ತಂಪಾಗಿದ್ದರೂ ಮೇಲೆ ಚೌಕಟ್ಟಿನ ಹತ್ತಿರ ಬೆಚ್ಚಗಿರುತ್ತದೆ. ತಣ್ಣನೆಯ ಬಿಯರ್ ಬೆಚ್ಚನೆಯ ನಲ್ಲಿಗೆ ಬಂದರೆ ಸಿಟ್ಟಾಗಿ ಉಕ್ಕುತ್ತದೆ. ಒಳಗೆ ಅಂಗೈಯಗಲದ ಚಿಕ್ಕ ಫ್ಯಾನ್ ಇಡು, ತಂಪು ಮೇಲೂ ಕೆಳಗೂ ಒಂದೇ ಆಗುತ್ತದೆ. ಥರ್ಮೋಸ್ಟಾಟನ್ನು ಮೂವತ್ತೆಂಟಕ್ಕೆ ಇಟ್ಟು ಎರಡು ದಿನ ಮುಟ್ಟಬೇಡ. ನಿನಗೆ ಇದೇ ಎಲ್ಲಕ್ಕಿಂತ ಕಷ್ಟ ಎಂದು ಗೊತ್ತು.

ಮೊದಲ ವರ್ಷ, ಎರಡನೆಯ ತಿಂಗಳಲ್ಲಿ, ನಾನು ಅತ್ತಿದ್ದೆ ಅಪ್ಪಾ. ಹಡಗಿನ ಅಡುಗೆ ಉಗ್ರಾಣದಲ್ಲಿ, ಹಿಟ್ಟಿನ ಚೀಲಗಳ ಹಿಂದೆ ಕೂತು. ನೀನು ಹೇಳಿದ್ದು ನಿಜವಾಗಬಾರದೆಂದು ಮುಖ ತೊಳೆದು ಪಾಳಿಗೆ ಹೋದೆ. ಆಮೇಲೆ ಅಳು ಬರಲಿಲ್ಲ.

ಪ್ರೀತಿಯಿಂದ,
ಲಿಡ್ಡಿ

•

ಟೂ ರಿವರ್ಸ್
16 ಜೂನ್ 1997

ಪ್ರೀತಿಯ ಲಿಡ್ಡಿ,

ಗೆದ್ದೆವು!

ಕಿತ್ತಳೆ ವಾಸನೆಯ ರಿಂಗು ಮೂರು, ಇನ್ನೊಂದರದ್ದು ದ್ರಾಕ್ಷಿ. ನಾರ್ಬರ್ಟನ ಮೂಗಿಗೂ ಹಿಡಿದು ಸಾಕ್ಷಿ ಮಾಡಿಕೊಂಡೆ. ಹಳೆಯ ರಿಂಗ್ ಇರುವಾಗಲೇ ಒಮ್ಮೆ ಸೋಪಿನ ನೀರು ಬಳಿದಾಗ ಮೂರನೆಯ ಪೀಪಾಯಿಯ ಮುಚ್ಚಳದಿಂದ ಗುಳ್ಳೆಗಳು ಹೊರಟದ್ದು ನೋಡಿ ಇಬ್ಬರೂ ಅದರ ಮೇಲೆ ಬಗ್ಗಿ ನಿಂತೆವು. ಇಷ್ಟು ಚಂದದ ಗುಳ್ಳೆ ನನ್ನನ್ನು ಮಲಗಿಸಿಬಿಡುತ್ತಿತ್ತೇ ಎನ್ನಿಸಿತು. ಹೊಸ ರಿಂಗ್ ಹಾಕಿದ ಮೇಲೆ ಮುಳ್ಳು ಹಾಕಿದ ಗುರುತಿನಲ್ಲೇ ನಿಂತಿತು. ಥರ್ಮೋಸ್ಟಾಟ್ ಮುಟ್ಟದಂತೆ ಅಮ್ಮ ಅದರ ಮೇಲೆ ದೇವಮಾತೆಯ ಪಟವೊಂದನ್ನು ಅಂಟಿಸಿಬಿಟ್ಟಳು. ಮುಟ್ಟಲಿಲ್ಲ.

ಶನಿವಾರ ಅರವತ್ತಲ್ಲ, ಎಂಬತ್ತು ಜನ ಬಂದರು. ಗಾಜಿನ ಲೋಟದಲ್ಲಿ ಎರಡು ಬೆರಳು ನೊರೆ, ಅದರ ಕೆಳಗೆ ಜೇನಿನ ಬಣ್ಣ. ಅಗ್ನಿಶಾಮಕದ ಮುಖ್ಯಸ್ಥನಿಗೆ ಮೊದಲ ಲೋಟ. ಅಕಾರ್ಡಿಯನ್ ಬಾರಿಸುವವನು ಬಂದ ಮೇಲೆ ನಾನೂ ಅಮ್ಮನೂ ಪೋಲ್ಕಾ ಕುಣಿದೆವು. ಮೊಣಕಾಲು ಇವತ್ತಿಗೂ ನೋಯುತ್ತಿದೆ. ಒಬ್ಬರಾದ ಮೇಲೆ ಒಬ್ಬರು ನಿನ್ನನ್ನು ಕೇಳಿದರು. ಕೇಳಿದವರಿಗೆಲ್ಲ ಲೋಟ ತುಂಬಿ ಕೊಟ್ಟೆ. ಪೀಪಾಯಿಗಳು ಬೇಗ ಖಾಲಿಯಾದವು.

ನೀವು ಜುಲೈನಲ್ಲಿ ಗ್ರೀನ್ ಬೇ ಬಂದರಿಗೆ ಕಲ್ಲಿದ್ದಲು ತರುತ್ತೀರೆಂದು ಅಮ್ಮ ಹೇಳಿದಳು. ನಮ್ಮ ಮನೆಯಿಂದ ನಲವತ್ತು ಮೈಲಿ. ನಾವು ಅಲ್ಲಿಗೆ ಬಂದರೆ ನಿನಗೆ ತೊಂದರೆಯಾಗುತ್ತದೆಯೇ?

ಅಪ್ಪ

•

ಟೂ ರಿವರ್ಸ್
20 ಜುಲೈ 1997, ಭಾನುವಾರ

ನನ್ನ ಬಂಗಾರ ಲಿಡ್ಡಿ,

ನಿಮ್ಮಪ್ಪ ಗ್ಯಾರೇಜಿನಲ್ಲಿದ್ದಾರೆ. ಅವರಿಗೆ ತಿಳಿಯದಂತೆ ಬರೆಯುತ್ತಿದ್ದೇನೆ, ಈ ಸಲ ಹೆದರಿಕೆಯ ವಿಷಯವಲ್ಲ.

ನಿನ್ನೆ ಗ್ರೀನ್ ಬೇ ಬಂದರಿನಲ್ಲಿ ನಿನ್ನನ್ನು ನೋಡಿದಾಗಿನಿಂದ ಹೊಟ್ಟೆ ತುಂಬಿದೆ. ನೀನು ಆ ಏಣಿಯಿಂದ ಇಳಿದು ಬರುವಾಗ ಯಾರೋ ಗಂಡಸು ಎಂದುಕೊಂಡೆ, ಟೋಪಿ ತೆಗೆದ ಮೇಲೆ ಗುರುತಾಯಿತು. ನಿಮ್ಮಪ್ಪ ದಾರಿಯುದ್ದಕ್ಕೂ ನಿನಗೆ ಏನು ಹೇಳಬೇಕೆಂದು ಬಾಯಲ್ಲೇ ಗುಣಿಸುತ್ತ ಬಂದಿದ್ದರು, ನನಗೆ ತುಟಿ ಕಾಣಿಸುತ್ತಿತ್ತು. ಎದುರು ನಿಂತಾಗ ಬಾಯಿಗೆ ಬಂದದ್ದು ಮಾತ್ರ, “ಶೂಸು ಒಳ್ಳೇದಿದೆ.” ನೀನು, “ಹೂಂ ಅಪ್ಪಾ, ಎಣ್ಣೆ ಮೇಲೂ ಜಾರಲ್ಲ” ಎಂದೆ. ಆಮೇಲೆ ಅವರನ್ನು ಕೆಳಗೆ ಎಂಜಿನ್ ಕೋಣೆಗೆ ಕರೆದುಕೊಂಡು ಹೋದೆ.

ಕೆಳಗೆ ಏನಾಯಿತೆಂದು ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಅವರು ಮೇಲೆ ಬಂದಾಗ ಮೂಗಿನ ಮೇಲೆ ಮಸಿ ಇತ್ತು. ಕ್ಯಾಪ್ಟನ್ ಕೈ ಕುಲುಕಿ, “ಇವಳಿಲ್ಲದಿದ್ರೆ ನಮ್ಮ ಹಡಗು ಬಂದರು ಬಿಡಲ್ಲ ಸಾರ್” ಎಂದಾಗ ತಲೆಯಾಡಿಸಿದರು, ಅಷ್ಟೇ. ಕಾರು ಹತ್ತಿದ ಮೇಲೆ ಇಪ್ಪತ್ತು ಮೈಲಿ ಮಾತಿಲ್ಲ. ನಾನು ಕೇಳಲೂ ಇಲ್ಲ. ನಲವತ್ತು ವರ್ಷದಲ್ಲಿ ಅಷ್ಟು ಕಲಿತಿದ್ದೇನೆ.

ಡೆನ್‌ಮಾರ್ಕ್ ಊರು ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಐಸ್‌ಕ್ರೀಮ್ ಗೂಡಂಗಡಿ ಬಂತು. ಕಾರು ನಿಲ್ಲಿಸಿ ಇಳಿದರು. ಸಕ್ಕರೆ ಕಾಯಿಲೆ ಬಂದಾಗಿನಿಂದ ಅದನ್ನು ಮುಟ್ಟಿದವರಲ್ಲ. ನಾನೂ ಹಿಂದೆ ಹೋದೆ. ಕಿಟಕಿಯಲ್ಲಿ ನನ್ನ ವಯಸ್ಸಿನ ದಪ್ಪ ಹೆಂಗಸು, ಬೆವರು ಒರೆಸಿಕೊಳ್ಳುತ್ತ, “ವೆನಿಲಾನೋ, ಚಾಕೊಲೇಟೋ?” ಎಂದಳು.

ನಿಮ್ಮಪ್ಪ ಕಟ್ಟೆಯ ಮೇಲೆ ಎರಡೂ ಕೈ ಊರಿ ನಿಂತು ಹೇಳಿದರು:

“ನನ್ನ ಮಗಳು ಹಡಗಿನ ಎಂಜಿನ್ ನಡೆಸ್ತಾಳೆ.”

ಆ ಹೆಂಗಸು ಅವರನ್ನೇ ನೋಡಿದಳು, ನನ್ನನ್ನು ನೋಡಿದಳು. ಹಿಂದೆ ಏಳೆಂಟು ಜನ ಸಾಲು ನಿಂತಿದ್ದರು. ಅವಳು ಚಮಚ ಕೆಳಗಿಟ್ಟು, “ಎಷ್ಟು ದೊಡ್ಡ ಹಡಗು?” ಎಂದಳು.

ಅವರು ಹೇಳತೊಡಗಿದರು. ಲಿಡ್ಡಿ, ಸಾಲಿನಲ್ಲಿದ್ದ ಒಬ್ಬರೂ ಗೊಣಗಲಿಲ್ಲ.

ಮುತ್ತುಗಳೊಂದಿಗೆ,
ಅಮ್ಮ